ಷೇರುಪೇಟೆಯಲ್ಲಿ ಕೇನ್ಸ್: ಸೋತು ಕಲಿತ ಅರ್ಥಶಾಸ್ತ್ರಜ್ಞ

ದ್ವಿತೀಯ ಪಿಯುಸಿಯಲ್ಲಿ ಅರ್ಥಶಾಸ್ತ್ರ ಓದುವ ಯಾರಿಗೂ ಜಾನ್ ಮೇನಾರ್ಡ್ ಕೇನ್ಸ್ ಹೊಸ ಹೆಸರಲ್ಲ. ಸಮಗ್ರ ಅರ್ಥಶಾಸ್ತ್ರದ ಮೊದಲ ಅಧ್ಯಾಯದಲ್ಲೇ ಅವರು ಎದುರಾಗುತ್ತಾರೆ. 1929ರಲ್ಲಿ ಶುರುವಾದ ಮಹಾ ಆರ್ಥಿಕ ಕುಸಿತ, ಅದರ ಬೆನ್ನಿಗೆ 1936ರಲ್ಲಿ ಬಂದ ಅವರ ದೊಡ್ಡ ಗ್ರಂಥ, ಒಟ್ಟು ಬೇಡಿಕೆ, ಗುಣಕ, ಇಷ್ಟು ತಿಳಿದರೆ ಪರೀಕ್ಷೆಯಲ್ಲಿ ಅಂಕ ಬರುತ್ತದೆ. ಆದರೆ ಪಠ್ಯಪುಸ್ತಕದಲ್ಲಿ ಸಿಗದ ಇನ್ನೊಬ್ಬ ಕೇನ್ಸ್ ಇದ್ದಾರೆ. ಬೆಳಿಗ್ಗೆ ಹಾಸಿಗೆಯಲ್ಲೇ ಕುಳಿತು ಪೇಟೆಯ ಸುದ್ದಿ ಓದಿ, ಷೇರು ದಲ್ಲಾಳಿಗಳೊಂದಿಗೆ ಫೋನಿನಲ್ಲಿ ಮಾತಾಡಿ, ಆಮೇಲೆ ಪಾಠಕ್ಕೋ ಬರವಣಿಗೆಗೋ ಹೊರಡುತ್ತಿದ್ದ ಕೇನ್ಸ್. ತಮ್ಮ ಹಣವನ್ನೂ ಸ್ನೇಹಿತರ ಹಣವನ್ನೂ ಒಂದು ಕಾಲೇಜಿನ ಹಣವನ್ನೂ ಸುಮಾರು 25 ವರ್ಷ ಪೇಟೆಯಲ್ಲಿ ತೊಡಗಿಸಿದವರು. ಮೂರು ಬಾರಿ ಭಾರೀ ಪೆಟ್ಟು ತಿಂದವರು. ಪ್ರತಿ ಪೆಟ್ಟಿನ ನಂತರವೂ ತಾವು ಎಲ್ಲಿ ಎಡವಿದೆವು ಎಂದು ಯೋಚಿಸಿದವರು. ಷೇರಿನ ಬೆಲೆಗೂ ಅಪಾಯಕ್ಕೂ ಇರುವ ನಂಟು ಏನು, ಅಪಾಯಕ್ಕೂ ಅನಿಶ್ಚಿತತೆಗೂ ಇರುವ ಅಂತರ ಏನು ಎಂಬುದನ್ನು ಅರಿಯಲು ಅವರ ಜೀವನಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಕೇಂಬ್ರಿಡ್ಜಿನ ಹುಡುಗ

ಕೇನ್ಸ್ ಹುಟ್ಟಿದ್ದು 1883ರ ಜೂನ್ 5ರಂದು, ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ. ತಂದೆ ಜಾನ್ ನೆವಿಲ್ ಕೇನ್ಸ್ ತರ್ಕಶಾಸ್ತ್ರ ಮತ್ತು ಅರ್ಥಶಾಸ್ತ್ರ ಬಲ್ಲ ವಿದ್ವಾಂಸರು; ವಿಶ್ವವಿದ್ಯಾಲಯದ ಆಡಳಿತದಲ್ಲೂ ಇದ್ದರು. ತಾಯಿ ಫ್ಲಾರೆನ್ಸ್ ಸಮಾಜಸೇವೆಯಲ್ಲಿ ಹೆಸರಾದವರು. ಮುಂದೆ 1932ರಲ್ಲಿ ಕೇಂಬ್ರಿಡ್ಜ್ ನಗರದ ಮೇಯರ್ ಆದರು. ಮನೆಯಲ್ಲಿ ಪುಸ್ತಕಗಳಿಗೂ ಚರ್ಚೆಗೂ ಬರವಿರಲಿಲ್ಲ. ಹುಡುಗ ವಿದ್ಯಾರ್ಥಿವೇತನ ಪಡೆದು ಈಟನ್ ಶಾಲೆಗೆ ಹೋದ. ಅಲ್ಲಿಂದ 1902ರಲ್ಲಿ ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜಿಗೆ. ಓದಿದ್ದು ಗಣಿತ. 1905ರ ಗಣಿತ ಪದವಿ ಪರೀಕ್ಷೆಯಲ್ಲಿ 12ನೆಯ ಸ್ಥಾನ ಸಿಕ್ಕಿತು. ಅರ್ಥಶಾಸ್ತ್ರವನ್ನು ಅವರು ಪದವಿಗೆಂದು ಓದಲೇ ಇಲ್ಲ. ಆಲ್ಫ್ರೆಡ್ ಮಾರ್ಷಲ್ ಅವರ ಬಳಿ ಕೆಲವು ತಿಂಗಳು ಪಾಠ ಹೇಳಿಸಿಕೊಂಡದ್ದಷ್ಟೇ.

1906ರಲ್ಲಿ ಸಿವಿಲ್ ಸರ್ವಿಸ್ ಪರೀಕ್ಷೆ ಬರೆದು ಎರಡನೆಯ ಸ್ಥಾನ ಪಡೆದರು. ಮೊದಲ ಸ್ಥಾನ ಪಡೆದವರು ಹಣಕಾಸು ಇಲಾಖೆಯನ್ನು ಆರಿಸಿಕೊಂಡರು. ಕೇನ್ಸ್ ಪಾಲಿಗೆ ಬಂದದ್ದು ಲಂಡನ್ನಿನ ಇಂಡಿಯಾ ಆಫೀಸ್, ಅಂದರೆ ನಮ್ಮ ದೇಶವನ್ನು ಅಲ್ಲಿಂದಲೇ ಆಳುತ್ತಿದ್ದ ಕಚೇರಿ. ಅಲ್ಲಿ ಅವರಿಗೆ ವಹಿಸಿದ ಮೊದಲ ಕೆಲಸಗಳಲ್ಲಿ ಒಂದು, 10 ಎಳೆಯ ಹೋರಿಗಳನ್ನು ಹಡಗಿನಲ್ಲಿ ಬೊಂಬಾಯಿಗೆ ಕಳುಹಿಸುವ ವ್ಯವಸ್ಥೆ ಮಾಡುವುದು! ಎರಡು ವರ್ಷದೊಳಗೆ ಬೇಸರ ಬಂದು 1908ರಲ್ಲಿ ಕೆಲಸ ಬಿಟ್ಟು ಕೇಂಬ್ರಿಡ್ಜಿಗೆ ಮರಳಿದರು. ಆದರೆ ಆ ಎರಡು ವರ್ಷ ವ್ಯರ್ಥವಾಗಲಿಲ್ಲ. ಭಾರತದ ನಾಣ್ಯ ವ್ಯವಸ್ಥೆಯನ್ನು ಕುರಿತು ಅವರು ಬರೆದ ಮೊದಲ ಪುಸ್ತಕ 1913ರಲ್ಲಿ ಹೊರಬಂತು. ಅದೇ ವರ್ಷ ಭಾರತದ ಹಣಕಾಸನ್ನು ವಿಚಾರಿಸಲು ನೇಮಕವಾದ ರಾಯಲ್ ಆಯೋಗಕ್ಕೆ ಸದಸ್ಯರಾದರು. ರೂಪಾಯಿಯ ಬಗ್ಗೆ ಇಷ್ಟೆಲ್ಲ ಬರೆದ ಕೇನ್ಸ್ ಭಾರತಕ್ಕೆ ಒಮ್ಮೆಯೂ ಬರಲಿಲ್ಲ.

ಎರಡು ಚೀಲಗಳ ಪ್ರಶ್ನೆ

ಈ ವರ್ಷಗಳಲ್ಲಿ ಕೇನ್ಸ್ ಮನಸ್ಸನ್ನು ಆವರಿಸಿದ್ದ ವಿಷಯ ಹಣವಲ್ಲ, ಸಂಭವನೀಯತೆ. ಗಣಿತದ ತರಗತಿಯಲ್ಲಿ ನಾವು ದಾಳ ಉರುಳಿಸಿ, ನಾಣ್ಯ ಚಿಮ್ಮಿ ಲೆಕ್ಕ ಮಾಡುವ ಅದೇ ವಿಷಯ. ಈ ಕುರಿತು ಅವರು ಬರೆದ ಪ್ರಬಂಧ 1908ರಲ್ಲಿ ಕಾಲೇಜಿನ ಫೆಲೋಶಿಪ್ ತಂದುಕೊಡಲಿಲ್ಲ. ತಿದ್ದಿ ಮತ್ತೆ ಸಲ್ಲಿಸಿದಾಗ 1909ರಲ್ಲಿ ಫೆಲೋ ಆದರು. ಅದು ಪುಸ್ತಕವಾಗಿ ಬಂದದ್ದು 1921ರಲ್ಲಿ.

ಆ ಪುಸ್ತಕದ ಒಂದು ವಿಚಾರವನ್ನು ಸರಳವಾಗಿ ಹೀಗೆ ಹೇಳಬಹುದು. ನಿಮ್ಮ ಮುಂದೆ ಎರಡು ಚೀಲಗಳಿವೆ. ಮೊದಲನೆಯದರಲ್ಲಿ ಬಿಳಿ ಮತ್ತು ಕಪ್ಪು ಚೆಂಡುಗಳು ಸಮಸಮ ಇವೆ ಎಂದು ನಿಮಗೆ ಗೊತ್ತು. ಎರಡನೆಯದರಲ್ಲೂ ಬಿಳಿ ಮತ್ತು ಕಪ್ಪು ಚೆಂಡುಗಳೇ ಇವೆ, ಆದರೆ ಯಾವುದು ಎಷ್ಟು ಎಂಬುದು ಗೊತ್ತಿಲ್ಲ. ಕೈ ಹಾಕಿದರೆ ಬಿಳಿ ಚೆಂಡು ಬರುವ ಸಾಧ್ಯತೆ ಎಷ್ಟು? ಎರಡೂ ಚೀಲಗಳಿಗೆ ಅರ್ಧ ಎಂದೇ ಉತ್ತರ ಬರೆಯಬಹುದು. ಆದರೂ ಎರಡು ಉತ್ತರಗಳ ತೂಕ ಒಂದೇ ಅಲ್ಲ. ಮೊದಲನೆಯದರ ಹಿಂದೆ ತಿಳಿವಳಿಕೆ ಇದೆ. ಎರಡನೆಯದರ ಹಿಂದೆ ಇರುವುದು ತಿಳಿಯದಿರುವಿಕೆ ಮಾತ್ರ. ಪಣ ಕಟ್ಟು ಎಂದರೆ ಹೆಚ್ಚಿನವರು ಮೊದಲ ಚೀಲವನ್ನೇ ಆರಿಸುತ್ತಾರೆ. 1961ರಲ್ಲಿ ಅಮೆರಿಕದ ಡೇನಿಯಲ್ ಎಲ್ಸ್‌ಬರ್ಗ್ ಇದೇ ಬಗೆಯ ಚೀಲಗಳ ಪ್ರಶ್ನೆಯನ್ನು ಮುಂದಿಟ್ಟು ಹೆಸರಾದರು.

ವಿಶೇಷವೆಂದರೆ ಅದೇ 1921ರಲ್ಲಿ ಅಮೆರಿಕದ ಫ್ರಾಂಕ್ ನೈಟ್ ಕೂಡ ಇದೇ ವಿಷಯದ ಮೇಲೆ ಪುಸ್ತಕ ತಂದರು. ಎಣಿಸಬಹುದಾದ ಅನಿಶ್ಚಿತತೆಯನ್ನು ಅವರು ಅಪಾಯ ಎಂದು ಕರೆದರು. ಎಣಿಕೆಗೆ ಸಿಗದ್ದನ್ನು ನಿಜವಾದ ಅನಿಶ್ಚಿತತೆ ಎಂದರು. ಸಾವಿರಾರು ಮನೆಗಳಲ್ಲಿ ವರ್ಷಕ್ಕೆ ಎಷ್ಟಕ್ಕೆ ಬೆಂಕಿ ಬೀಳುತ್ತದೆ ಎಂದು ವಿಮಾ ಕಂಪನಿಗೆ ಹಳೆಯ ಲೆಕ್ಕದಿಂದ ಗೊತ್ತು. ಅದು ಅಪಾಯ, ಅದಕ್ಕೆ ಕಂತು ನಿಗದಿ ಮಾಡಬಹುದು. ಆದರೆ ಹೊಸದಾಗಿ ಶುರುವಾದ ಉದ್ಯಮವೊಂದು 20 ವರ್ಷದ ನಂತರ ಹೇಗಿರುತ್ತದೆ ಎಂದು ಹೇಳಲು ಹಳೆಯ ಲೆಕ್ಕ ಎಲ್ಲಿದೆ?

ಷೇರಿನ ಬೆಲೆಗೆ ಇದೆಲ್ಲ ಹೇಗೆ ಸಂಬಂಧ ಎಂದು ಕೇಳಬಹುದು. ಒಂದು ಚಿಕ್ಕ ಲೆಕ್ಕ ನೋಡೋಣ. ಒಂದು ಸರ್ಕಾರಿ ಬಾಂಡ್ ವರ್ಷದ ನಂತರ 105 ರೂಪಾಯಿ ಖಂಡಿತ ಕೊಡುತ್ತದೆ. ಇವತ್ತು ಅದರ ಬೆಲೆ 100 ರೂಪಾಯಿ. ಒಂದು ಷೇರು ವರ್ಷದ ನಂತರ 150 ರೂಪಾಯಿ ಆಗಬಹುದು ಅಥವಾ 60 ರೂಪಾಯಿಗೆ ಇಳಿಯಬಹುದು. ಎರಡಕ್ಕೂ ಸಮ ಸಾಧ್ಯತೆ. ಸರಾಸರಿ ತೆಗೆದರೆ ಅದೂ 105 ರೂಪಾಯಿಯೇ. ಹಾಗೆಂದು ಅದಕ್ಕೆ 100 ರೂಪಾಯಿ ಕೊಡುವವರು ಯಾರು? 60 ರೂಪಾಯಿಗೆ ಇಳಿಯುವ ಭಯ ಇದೆಯಲ್ಲ! 95 ರೂಪಾಯಿಗಾದರೆ ಕೊಳ್ಳುತ್ತೇನೆ ಎಂದು ಒಬ್ಬರು ಮುಂದೆ ಬರಬಹುದು. ಆಗ ಬಾಂಡ್ ಕೊಂಡವರಿಗೆ ಸಿಗುವುದು ಶೇ. 5, ಷೇರು ಕೊಂಡವರಿಗೆ ಸರಾಸರಿ ಸಿಗುವುದು ಸುಮಾರು ಶೇ. 10.5. ಆ ಹೆಚ್ಚಿನ ಶೇ. 5.5 ಅಪಾಯ ಹೊತ್ತದ್ದಕ್ಕೆ ಸಿಗುವ ಕೂಲಿ. ಅಪಾಯ ಹೆಚ್ಚಿದಂತೆ ಇಂದಿನ ಬೆಲೆ ತಗ್ಗುತ್ತದೆ, ನಿರೀಕ್ಷಿತ ಪ್ರತಿಫಲ ಏರುತ್ತದೆ. ಇದು ಆಸ್ತಿಗಳ ಬೆಲೆ ನಿರ್ಧಾರದ ಮೊದಲ ಪಾಠ. ಇಲ್ಲಿ ಸರಾಸರಿ ಎಂಬ ಪದವನ್ನು ಮರೆಯಬಾರದು. ಕೂಲಿ ಖಂಡಿತ ಸಿಗುವುದಾಗಿದ್ದರೆ ಅದು ಅಪಾಯವೇ ಆಗುತ್ತಿರಲಿಲ್ಲ.

ಮೊದಲ ಪೆಟ್ಟು

ಮೊದಲ ಮಹಾಯುದ್ಧದ ಕಾಲದಲ್ಲಿ ಕೇನ್ಸ್ ಬ್ರಿಟನ್ನಿನ ಹಣಕಾಸು ಇಲಾಖೆಯಲ್ಲಿ ದುಡಿದರು. 1919ರ ಪ್ಯಾರಿಸ್ ಶಾಂತಿ ಸಮ್ಮೇಳನಕ್ಕೆ ಪ್ರತಿನಿಧಿಯಾಗಿ ಹೋದರು. ಸೋತ ಜರ್ಮನಿಯ ಮೇಲೆ ಹೊರಿಸಿದ ಪರಿಹಾರದ ಹೊರೆ ಯುರೋಪನ್ನೇ ಹಾಳು ಮಾಡುತ್ತದೆ ಎನ್ನಿಸಿ ಹುದ್ದೆಗೆ ರಾಜೀನಾಮೆ ಕೊಟ್ಟರು. ಅದೇ ವರ್ಷದ ಕೊನೆಯಲ್ಲಿ ಆ ಬಗ್ಗೆ ಬರೆದ ಪುಸ್ತಕ ಅವರನ್ನು ಜಗತ್ಪ್ರಸಿದ್ಧರನ್ನಾಗಿ ಮಾಡಿತು.

ಅದೇ ಹೊತ್ತಿಗೆ ಅವರು ವಿದೇಶಿ ಹಣದ ಸಟ್ಟಾ ವ್ಯಾಪಾರಕ್ಕೂ ಇಳಿದಿದ್ದರು. ಅವರ ಯೋಚನೆ ನೇರವಾಗಿತ್ತು. ಯುದ್ಧದಿಂದ ಜರ್ಜರಿತವಾದ ಯುರೋಪಿನ ದೇಶಗಳ ಹಣದ ಬೆಲೆ ಕುಸಿಯುತ್ತದೆ, ಅಮೆರಿಕದ ಡಾಲರ್ ಏರುತ್ತದೆ. ಆದ್ದರಿಂದ ಜರ್ಮನಿಯ ಮಾರ್ಕ್, ಫ್ರಾನ್ಸಿನ ಫ್ರಾಂಕ್, ಇಟಲಿಯ ಲಿರಾಗಳನ್ನು ಮುಂಗಡವಾಗಿ ಮಾರುವುದು, ಬೆಲೆ ಇಳಿದಾಗ ಅಗ್ಗಕ್ಕೆ ಕೊಂಡು ಒಪ್ಪಂದ ತೀರಿಸುವುದು. ಕೈಯಲ್ಲಿರುವ ಹಣ ಕಡಿಮೆ, ಮಾಡಿದ ವ್ಯವಹಾರ ಅದರ ಹಲವು ಪಟ್ಟು. ಸ್ನೇಹಿತರು, ಬಂಧುಗಳು ಕೂಡ ಅವರನ್ನು ನಂಬಿ ಹಣ ಕೊಟ್ಟಿದ್ದರು.

ಮೊದಮೊದಲು ಲಾಭ ಬಂತು. ಆದರೆ 1920ರ ವಸಂತದಲ್ಲಿ ಯುರೋಪಿನ ಹಣಗಳು ಇದ್ದಕ್ಕಿದ್ದಂತೆ ಕೆಲವು ವಾರ ಚೇತರಿಸಿಕೊಂಡವು. ಮುಂದೆ ಅವು ಕುಸಿದದ್ದು ನಿಜ. ಜರ್ಮನಿಯ ಮಾರ್ಕ್ 1923ರಲ್ಲಿ ಬೆಲೆಯೇ ಇಲ್ಲದ ಕಾಗದವಾಯಿತು. ಕೇನ್ಸ್ ಲೆಕ್ಕ ತಪ್ಪಿರಲಿಲ್ಲ, ಸಮಯ ತಪ್ಪಿತ್ತು. ಸಾಲದ ಬಲದಲ್ಲಿ ವ್ಯಾಪಾರ ಮಾಡುವವರಿಗೆ ಕಾಯುವ ಅವಕಾಶ ಇರುವುದಿಲ್ಲ. ಬೆಲೆ ಎದುರು ದಿಕ್ಕಿಗೆ ಹೋದ ಕೂಡಲೇ ದಲ್ಲಾಳಿ ಹೆಚ್ಚಿನ ಹಣ ಕೇಳುತ್ತಾರೆ. ಕೊಡಲಾಗದಿದ್ದರೆ ಲೆಕ್ಕ ಮುಚ್ಚಿಬಿಡುತ್ತಾರೆ. ಕೆಲವೇ ವಾರಗಳಲ್ಲಿ ಕೇನ್ಸ್ ಕೈ ಬರಿದಾಯಿತು. ಸ್ನೇಹಿತರ ಹಣವೂ ಹೋಯಿತು. ಪ್ರಕಾಶಕರಿಂದ ಮುಂಗಡ ಪಡೆದರು. ಅರ್ನೆಸ್ಟ್ ಕ್ಯಾಸೆಲ್ ಎಂಬ ಶ್ರೀಮಂತ ಹಣಕಾಸುಗಾರರಿಂದ 5,000 ಪೌಂಡ್ ಸಾಲ ತಂದರು. ಅದೇ ವ್ಯಾಪಾರವನ್ನು ಮತ್ತೆ ಮುಂದುವರಿಸಿ, 1922ರ ಕೊನೆಯ ಹೊತ್ತಿಗೆ ಋಣಗಳನ್ನೆಲ್ಲ ತೀರಿಸಿದರು.

ಈ ಕಥೆಯನ್ನು ಸಾಹಸವೆಂದು ಮೆಚ್ಚುವ ಮೊದಲು ಒಂದು ಮಾತು. ಅವರಿಗೆ ಸಾಲ ಕೊಡಲು ಒಬ್ಬ ಕ್ಯಾಸೆಲ್ ಇದ್ದರು, ಮುಂಗಡ ಕೊಡಲು ಪ್ರಕಾಶಕರಿದ್ದರು, ಹಿಂದೆ ಪ್ರಸಿದ್ಧಿ ಇತ್ತು. ಅದೇ ತಪ್ಪನ್ನು ಮಾಡಿ ಯಾರ ಆಸರೆಯೂ ಸಿಗದೆ ಮುಳುಗಿಹೋದವರ ಜೀವನಚರಿತ್ರೆ ಯಾರೂ ಬರೆದಿಡುವುದಿಲ್ಲ.

ಕಾಲೇಜಿನ ಹಣ, ಪೇಟೆಯ ದಾರಿ

ಕಿಂಗ್ಸ್ ಕಾಲೇಜಿನ ಹಣಕಾಸಿನ ಉಸ್ತುವಾರಿ ಹಂತಹಂತವಾಗಿ ಕೇನ್ಸ್ ಕೈಗೆ ಬಂತು. 1924ರಲ್ಲಿ ಅವರು ಕಾಲೇಜಿನ ಮುಖ್ಯ ಖಜಾಂಚಿಯಾದರು. ಸಾಯುವವರೆಗೂ ಆ ಹೊಣೆ ಹೊತ್ತರು. ಆ ಕಾಲದಲ್ಲಿ ಇಂಥ ಹಳೆಯ ಕಾಲೇಜುಗಳ ಸಂಪತ್ತು ಇರುತ್ತಿದ್ದದ್ದು ಹೊಲ, ಮನೆ ಮತ್ತು ಸರ್ಕಾರಿ ಸಾಲಪತ್ರಗಳಲ್ಲಿ. ಷೇರು ಎಂದರೆ ಜೂಜು ಎಂಬ ಭಾವನೆ ದೊಡ್ಡ ಸಂಸ್ಥೆಗಳಲ್ಲಿ ಬಲವಾಗಿತ್ತು. ಕೇನ್ಸ್ ಇದನ್ನು ಒಪ್ಪಲಿಲ್ಲ. ಕಾಲೇಜಿನ ಹಣದ ಒಂದು ಭಾಗವನ್ನು ಚೆಸ್ಟ್ ಎಂಬ ಪ್ರತ್ಯೇಕ ನಿಧಿಯಾಗಿ ಮಾಡಿ, ತಮ್ಮ ವಿವೇಚನೆಯಂತೆ ಷೇರುಗಳಲ್ಲಿ ತೊಡಗಿಸಲು ಅನುಮತಿ ಪಡೆದರು.

ಅದಕ್ಕೆ ಅವರ ಬಳಿ ಕಾರಣಗಳಿದ್ದವು. ಸಾಲಪತ್ರದ ಬಡ್ಡಿ ನಿಗದಿಯಾದದ್ದು. ಬೆಲೆಗಳು ಏರಿದರೆ ಆ ಬಡ್ಡಿಯ ಕೊಳ್ಳುವ ಶಕ್ತಿ ಕರಗುತ್ತದೆ. ಯುದ್ಧದ ವರ್ಷಗಳಲ್ಲಿ ಅದು ಕರಗಿದ್ದನ್ನು ಎಲ್ಲರೂ ಕಂಡಿದ್ದರು. ಒಳ್ಳೆಯ ಕಂಪನಿಯಾದರೋ ಲಾಭವನ್ನೆಲ್ಲ ಹಂಚದೆ ಒಂದಷ್ಟನ್ನು ಉದ್ಯಮಕ್ಕೇ ಮರಳಿ ಹಾಕುತ್ತದೆ. ಆ ಹಣ ಚಕ್ರಬಡ್ಡಿಯಂತೆ ಬೆಳೆಯುತ್ತದೆ. ಅಮೆರಿಕದ ಎಡ್ಗರ್ ಲಾರೆನ್ಸ್ ಸ್ಮಿತ್ 1924ರಲ್ಲಿ ಈ ವಿಷಯವನ್ನು ಅಂಕಿಗಳ ಸಹಿತ ತೋರಿಸಿದಾಗ ಕೇನ್ಸ್ ಆ ಪುಸ್ತಕವನ್ನು ಮೆಚ್ಚಿ ವಿಮರ್ಶೆ ಬರೆದರು. ಸುರಕ್ಷಿತ ಎಂದು ಕಾಣುವ ಆಸ್ತಿಯಲ್ಲೂ ಅಪಾಯ ಅಡಗಿರಬಹುದು ಎಂಬುದು ಅವರು ಕಂಡುಕೊಂಡ ಸತ್ಯ.

1929

ಆದರೆ 1920ರ ದಶಕದ ಕೇನ್ಸ್ ಇನ್ನೂ ಒಂದು ಭ್ರಮೆಯಲ್ಲಿದ್ದರು. ಬಡ್ಡಿದರ, ಸಾಲ, ಸರಕುಗಳ ದಾಸ್ತಾನು ಇವನ್ನೆಲ್ಲ ನೋಡಿ ಆರ್ಥಿಕತೆಯ ಏರಿಳಿತವನ್ನು ಮೊದಲೇ ಊಹಿಸಬಹುದು. ಏರುವ ಮೊದಲು ಷೇರು ಕೊಂಡು, ಇಳಿಯುವ ಮೊದಲು ಮಾರಿ, ಬಾಂಡ್‌ಗೆ ಹೋಗಬಹುದು ಎಂದು ನಂಬಿದ್ದರು. ದೇಶದ ಅತ್ಯುತ್ತಮ ಅರ್ಥಶಾಸ್ತ್ರಜ್ಞರಲ್ಲಿ ಒಬ್ಬರಾದ ಅವರಿಗೆ ಅದು ಸಾಧ್ಯವಾಗದಿದ್ದರೆ ಇನ್ನಾರಿಗೆ?

ಸಾಧ್ಯವಾಗಲಿಲ್ಲ. 1928ರಲ್ಲಿ ರಬ್ಬರ್, ಹತ್ತಿ, ತವರ ಮುಂತಾದ ಸರಕುಗಳ ಬೆಲೆ ಅವರ ಎಣಿಕೆಗೆ ವಿರುದ್ಧವಾಗಿ ಇಳಿಯಿತು. ಆ ನಷ್ಟ ತುಂಬಲು ಷೇರು ಮಾರಬೇಕಾಯಿತು. 1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಪೇಟೆ ಕುಸಿಯಿತು. 1927ರ ಕೊನೆಯಲ್ಲಿ ಸುಮಾರು 44,000 ಪೌಂಡ್ ಇದ್ದ ಅವರ ಸ್ವಂತ ಸಂಪತ್ತು 1929ರ ಕೊನೆಗೆ 8,000 ಪೌಂಡ್‌ಗಿಂತ ಕೆಳಗೆ ಬಂದಿತ್ತು. ಕಾಲೇಜಿನ ಚೆಸ್ಟ್ ನಿಧಿ 1930ರಲ್ಲಿ ಮೂರನೆಯ ಒಂದು ಭಾಗದಷ್ಟು, 1931ರಲ್ಲಿ ಮತ್ತೆ ಕಾಲು ಭಾಗದಷ್ಟು ಕರಗಿತು.

ಇಲ್ಲಿಂದ ಅವರ ದಾರಿ ಬದಲಾಯಿತು. ಇಡೀ ಪೇಟೆಯ ಏರಿಳಿತ ಊಹಿಸುವ ಆಟವನ್ನು ಕೈಬಿಟ್ಟರು. ಅದರ ಬದಲು ತಮಗೆ ಚೆನ್ನಾಗಿ ಅರ್ಥವಾಗುವ ಕೆಲವೇ ಕಂಪನಿಗಳನ್ನು ಹುಡುಕಿ, ಅವುಗಳ ಆಸ್ತಿಗೂ ಗಳಿಕೆಯ ಶಕ್ತಿಗೂ ಹೋಲಿಸಿದರೆ ಬೆಲೆ ಅಗ್ಗವಾಗಿದ್ದಾಗ ಕೊಂಡು, ವರ್ಷಗಟ್ಟಲೆ ಇಟ್ಟುಕೊಳ್ಳತೊಡಗಿದರು. ಆಸ್ಟಿನ್ ಮತ್ತು ಲೇಲ್ಯಾಂಡ್ ಮೋಟಾರು ಕಂಪನಿಗಳು, ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ ಹಣ ಹೂಡಿದ್ದ ಯೂನಿಯನ್ ಕಾರ್ಪೊರೇಷನ್ ಅವರ ನೆಚ್ಚಿನವು. ಎಲ್ಲವೂ ಒಂದೇ ಕಾರಣಕ್ಕೆ ಒಟ್ಟಿಗೆ ಬೀಳದಂತೆ, ಪರಸ್ಪರ ವಿರುದ್ಧ ಬಗೆಯ ಅಪಾಯಗಳಿರುವ ಷೇರುಗಳನ್ನು ಜೋಡಿಸುವುದಕ್ಕೂ ಒತ್ತು ಕೊಟ್ಟರು. ಉದ್ಯಮಗಳು ಸೊರಗುವ ಕಾಲದಲ್ಲಿ ಚಿನ್ನ ಕೈಹಿಡಿಯಬಹುದು ಎಂಬ ಲೆಕ್ಕ ಅದು.

ಚೆಲುವಿನ ಸ್ಪರ್ಧೆ

1936ರಲ್ಲಿ ಬಂದ ಮಹಾಗ್ರಂಥದ 12ನೆಯ ಅಧ್ಯಾಯವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಅದರಲ್ಲಿ ಸೂತ್ರಗಳಿಲ್ಲ. ಪೇಟೆಯಲ್ಲಿ ಬೆಂದು ಬಂದ ಮನುಷ್ಯನ ಅನುಭವವಿದೆ.

ಅಲ್ಲಿ ಅವರು ಪತ್ರಿಕೆಯೊಂದರ ಸ್ಪರ್ಧೆಯ ಉದಾಹರಣೆ ಕೊಡುತ್ತಾರೆ. 100 ಮುಖಗಳ ಚಿತ್ರ ಅಚ್ಚಾಗಿರುತ್ತದೆ. ಅತ್ಯಂತ ಚೆಲುವಾದ ಆರು ಮುಖಗಳನ್ನು ಆರಿಸಬೇಕು. ಎಲ್ಲ ಸ್ಪರ್ಧಿಗಳ ಒಟ್ಟು ಆಯ್ಕೆಗೆ ಯಾರ ಆಯ್ಕೆ ಹತ್ತಿರವೋ ಅವರಿಗೆ ಬಹುಮಾನ. ಹೀಗಿರುವಾಗ ಜಾಣ ಸ್ಪರ್ಧಿ ತನಗೆ ಇಷ್ಟವಾದ ಮುಖವನ್ನು ಆರಿಸುವುದಿಲ್ಲ. ಬೇರೆಯವರಿಗೆ ಯಾವುದು ಇಷ್ಟವಾಗಬಹುದು ಎಂದು ಯೋಚಿಸುತ್ತಾನೆ. ಬೇರೆಯವರೂ ಹಾಗೆಯೇ ಯೋಚಿಸುತ್ತಿರುತ್ತಾರೆ. ಕೊನೆಗೆ ಎಲ್ಲರೂ ಎಲ್ಲರ ಊಹೆಯನ್ನು ಊಹಿಸುತ್ತಿರುತ್ತಾರೆ; ಚಿತ್ರವನ್ನು ನೋಡುವವರೇ ಇರುವುದಿಲ್ಲ. ಷೇರುಪೇಟೆಯಲ್ಲೂ ಹೀಗೆಯೇ ಆಗುತ್ತದೆ. ಕಂಪನಿ ಮುಂದಿನ 20 ವರ್ಷದಲ್ಲಿ ಎಷ್ಟು ಗಳಿಸೀತು ಎಂದು ಯೋಚಿಸುವುದಕ್ಕಿಂತ, ಮುಂದಿನ ತಿಂಗಳು ಜನ ಅದರ ಬಗ್ಗೆ ಏನು ಅಂದುಕೊಂಡಾರು ಎಂಬುದರ ಮೇಲೆ ಹಣ ಓಡಾಡುತ್ತದೆ.

ಹಾಗಾಗಿ ಷೇರಿನ ಬೆಲೆಯಲ್ಲಿ ಎರಡು ಬಗೆಯ ಅಪಾಯಗಳು ಬೆರೆತಿರುತ್ತವೆ. ಒಂದು ಉದ್ಯಮದ ಅಪಾಯ: ಕಾರ್ಖಾನೆ ನಡೆಯುತ್ತದೆಯೇ, ಸರಕು ಮಾರಾಟವಾಗುತ್ತದೆಯೇ, ಬಡ್ಡಿದರ ಏರುತ್ತದೆಯೇ ಎಂಬುದು. ಇನ್ನೊಂದು ಜನರ ಮನಸ್ಸಿನ ಅಪಾಯ. ಎರಡಕ್ಕೂ ಕೆಳಗೆ ಅಳೆಯಲಾಗದ ಅನಿಶ್ಚಿತತೆ. 1937ರ ಲೇಖನವೊಂದರಲ್ಲಿ ಅವರು ಇದನ್ನು ಮತ್ತಷ್ಟು ಸ್ಪಷ್ಟಪಡಿಸಿದರು. ಜೂಜಿನ ಚಕ್ರ ಎಲ್ಲಿ ನಿಲ್ಲುತ್ತದೆ ಎಂಬುದು ಅವರ ಅರ್ಥದಲ್ಲಿ ಅನಿಶ್ಚಿತವಲ್ಲ, ಅದಕ್ಕೆ ಲೆಕ್ಕವಿದೆ. ಯುರೋಪಿನಲ್ಲಿ ಯುದ್ಧವಾಗುತ್ತದೆಯೇ, 20 ವರ್ಷದ ನಂತರ ತಾಮ್ರದ ಬೆಲೆ ಎಷ್ಟಿರುತ್ತದೆ ಎಂಬ ಪ್ರಶ್ನೆಗಳಿಗೆ ಸಾಧ್ಯತೆಯ ಲೆಕ್ಕ ಹಾಕಲು ವೈಜ್ಞಾನಿಕ ಆಧಾರವೇ ಇಲ್ಲ. ಆದರೂ ಮನುಷ್ಯ ಇಂದೇ ತೀರ್ಮಾನ ತೆಗೆದುಕೊಳ್ಳಬೇಕು. ಆಗ ಆತ ಇವತ್ತಿನ ಸ್ಥಿತಿಯೇ ಮುಂದುವರಿಯುತ್ತದೆ ಎಂದು ನಂಬುತ್ತಾನೆ, ಇಲ್ಲವೇ ನಾಲ್ಕು ಜನ ಹೋದ ದಾರಿಯಲ್ಲಿ ಹೋಗುತ್ತಾನೆ. ಇಂಥ ತೆಳು ನೆಲದ ಮೇಲೆ ನಿಂತ ಬೆಲೆಗಳು ಒಂದು ಗಾಳಿಸುದ್ದಿಗೂ ಅಲ್ಲಾಡುತ್ತವೆ. ಭಯ ಹೆಚ್ಚಾದಾಗ ಜನ ಷೇರು ಬಿಟ್ಟು ನಗದನ್ನು ಅಪ್ಪಿಕೊಳ್ಳುತ್ತಾರೆ. ನಮ್ಮ ಪಠ್ಯದಲ್ಲಿ ಬರುವ ದ್ರವ್ಯತೆಯ ಆದ್ಯತೆಯ ಬೇರು ಇಲ್ಲಿದೆ.

ಮೂರನೆಯ ಪೆಟ್ಟು

1932ರಿಂದ 1936ರವರೆಗಿನ ವರ್ಷಗಳು ಕೇನ್ಸ್ ಪಾಲಿಗೆ ಸುಗ್ಗಿ. ಅವರ ಸ್ವಂತ ಸಂಪತ್ತು 1936ರಲ್ಲಿ 5 ಲಕ್ಷ ಪೌಂಡ್ ದಾಟಿತು. ಪತ್ನಿ ಲಿಡಿಯಾ ಲೋಪೊಕೊವಾ ರಷ್ಯಾದ ಪ್ರಸಿದ್ಧ ಬ್ಯಾಲೆ ನರ್ತಕಿ; ಇಬ್ಬರೂ ಕಲಾಪ್ರೇಮಿಗಳು. ಕೇಂಬ್ರಿಡ್ಜಿನಲ್ಲಿ ಒಂದು ನಾಟಕಶಾಲೆ ಕಟ್ಟಿಸಲು ಕೇನ್ಸ್ ತಮ್ಮ ಹಣ ಹಾಕಿದರು. ಐಸಾಕ್ ನ್ಯೂಟನ್ನರ ಕೈಬರಹದ ಕಾಗದಗಳು ಹರಾಜಿಗೆ ಬಂದಾಗ ಅವು ಚದುರಿಹೋಗಬಾರದೆಂದು ಆದಷ್ಟನ್ನು ಕೊಂಡರು. ಗೋಧಿ ವ್ಯಾಪಾರದ ಒಂದು ಕಥೆಯೂ ಈ ಕಾಲದ್ದು. ಒಪ್ಪಂದದಂತೆ ನಿಜವಾದ ಗೋಧಿಯ ಮೂಟೆಗಳೇ ಬಂದಿಳಿಯುವ ಹಾಗಾದಾಗ, ಅದನ್ನು ಎಲ್ಲಿಡುವುದು ಎಂದು ತಿಳಿಯದೆ ಕಾಲೇಜಿನ ಪ್ರಾರ್ಥನಾ ಮಂದಿರವನ್ನೇ ಕೇನ್ಸ್ ಅಳತೆ ಮಾಡಿ ನೋಡಿದರಂತೆ!

1937ರ ಮೇ ತಿಂಗಳಲ್ಲಿ ಅವರಿಗೆ ತೀವ್ರ ಹೃದಯರೋಗ ಕಾಣಿಸಿಕೊಂಡಿತು. ತಿಂಗಳುಗಟ್ಟಲೆ ಮಲಗಿದಲ್ಲೇ ಇರಬೇಕಾಯಿತು. ಅದೇ ಹೊತ್ತಿಗೆ ಅಮೆರಿಕ ಮತ್ತೆ ಹಿಂಜರಿತಕ್ಕೆ ಜಾರಿತು. 1938ರಲ್ಲಿ ಕಾಲೇಜಿನ ಚೆಸ್ಟ್ ನಿಧಿ ಸುಮಾರು ಶೇ. 40ರಷ್ಟು ಕುಸಿಯಿತು. ಅವರ ಸ್ವಂತ ಸಂಪತ್ತಿನ ಅರ್ಧಕ್ಕಿಂತ ಹೆಚ್ಚು ಕರಗಿತು. 1921ರಿಂದ ಅವರು ಅಧ್ಯಕ್ಷರಾಗಿದ್ದ ನ್ಯಾಷನಲ್ ಮ್ಯೂಚುಯಲ್ ವಿಮಾ ಕಂಪನಿಯ ಮಂಡಳಿ ನಷ್ಟಕ್ಕೆ ವಿವರಣೆ ಕೇಳಿತು. ಬೆಲೆ ಬೀಳುತ್ತಿರುವಾಗ ಷೇರುಗಳನ್ನು ಮಾರಬೇಕೆಂದು ಒತ್ತಡ ಬಂತು. ಎಲ್ಲರೂ ಮಾರುವಾಗ ತಾವೂ ಮಾರಿ ಓಡುವುದು ಹೂಡಿಕೆದಾರರ ಧರ್ಮವಲ್ಲ, ಕೆಟ್ಟ ಕಾಲದಲ್ಲಿ ನಷ್ಟವನ್ನು ನಾಚಿಕೆಯಿಲ್ಲದೆ ತಾಳಿಕೊಳ್ಳುವುದೂ ಅವರ ಕರ್ತವ್ಯ ಎಂಬುದು ಕೇನ್ಸ್ ನಿಲುವು. 1938ರಲ್ಲಿ ಅವರು ಅಧ್ಯಕ್ಷ ಸ್ಥಾನ ಬಿಟ್ಟರು.

ಕಾಲೇಜು ಮಾತ್ರ ಅವರ ಕೈಬಿಡಲಿಲ್ಲ. ಅದೇ ವರ್ಷ ಕಾಲೇಜಿನ ಸಮಿತಿಗೆ ಅವರು ತಮ್ಮ ಹೂಡಿಕೆಯ ನೀತಿಯನ್ನು ಬರೆದುಕೊಟ್ಟರು. ಕೆಲವೇ ಹೂಡಿಕೆಗಳನ್ನು ಎಚ್ಚರದಿಂದ ಆರಿಸುವುದು. ಅವುಗಳನ್ನು ಒಳ್ಳೆಯ ಕಾಲದಲ್ಲೂ ಕೆಟ್ಟ ಕಾಲದಲ್ಲೂ ಗಟ್ಟಿಯಾಗಿ ಹಿಡಿದುಕೊಳ್ಳುವುದು. ಅಪಾಯಗಳು ಒಂದೇ ದಿಕ್ಕಿನವಾಗದಂತೆ ಸಮತೋಲನ ಕಾಯುವುದು. ಈ ಮೂರೇ ಅದರ ತಿರುಳು.

ಇಲ್ಲಿ ಒಂದು ಸೂಕ್ಷ್ಮವಿದೆ. 1920ರ ಕುಸಿತದಲ್ಲಿ ಕೇನ್ಸ್ ಕಾಯಲಾಗಲಿಲ್ಲ, ಏಕೆಂದರೆ ಹಣ ಸಾಲದ್ದಾಗಿತ್ತು. 1938ರಲ್ಲಿ ಕಾಲೇಜು ಕಾಯಬಹುದಾಗಿತ್ತು, ಏಕೆಂದರೆ ಆ ಹಣವನ್ನು ನಾಳೆ ಬೆಳಿಗ್ಗೆ ಯಾರೂ ವಾಪಸು ಕೇಳುವಂತಿರಲಿಲ್ಲ. ಒಂದೇ ಷೇರಿನ ಅಪಾಯ ಇಬ್ಬರಿಗೆ ಒಂದೇ ಅಲ್ಲ. ಯಾರ ಹಣ, ಎಷ್ಟು ಕಾಲಕ್ಕೆ ಎಂಬುದರ ಮೇಲೆ ಅದು ಬದಲಾಗುತ್ತದೆ.

ಕೊನೆಯ ಲೆಕ್ಕ

ಎರಡನೆಯ ಮಹಾಯುದ್ಧ ಬಂದಾಗ ಕೇನ್ಸ್ ಆರೋಗ್ಯ ಕೆಟ್ಟಿದ್ದರೂ ಹಣಕಾಸು ಇಲಾಖೆಗೆ ಮರಳಿ ದುಡಿದರು. 1942ರಲ್ಲಿ ಲಾರ್ಡ್ ಪದವಿ ಬಂತು. 1944ರ ಜುಲೈಯಲ್ಲಿ ಅಮೆರಿಕದ ಬ್ರೆಟನ್ ವುಡ್ಸ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಬ್ರಿಟನ್ನಿನ ನಿಯೋಗದ ನಾಯಕರಾಗಿ, ಅಂತರರಾಷ್ಟ್ರೀಯ ಹಣಕಾಸು ನಿಧಿ ಮತ್ತು ವಿಶ್ವಬ್ಯಾಂಕ್‌ಗಳ ಹುಟ್ಟಿಗೆ ಕಾರಣರಾದವರಲ್ಲಿ ಒಬ್ಬರಾದರು. ದಣಿದ ಹೃದಯ ಹೆಚ್ಚು ದಿನ ತಾಳಲಿಲ್ಲ. 1946ರ ಏಪ್ರಿಲ್ 21ರಂದು ಸಸೆಕ್ಸ್‌ನ ಟಿಲ್ಟನ್‌ನಲ್ಲಿರುವ ತಮ್ಮ ಮನೆಯಲ್ಲಿ ತೀರಿಕೊಂಡರು. ವಯಸ್ಸು 62. ತಂದೆ ತಾಯಿ ಇಬ್ಬರೂ ಆಗ ಬದುಕಿದ್ದರು.

ಸರಿಯಾಗಿ ಒಂದು ವಾರದ ನಂತರ, ಏಪ್ರಿಲ್ 28ರಂದು ಫ್ರಾನ್ಸಿನಲ್ಲಿ ಲೂಯಿ ಬ್ಯಾಶೆಲಿಯೆ ಎಂಬ ಗಣಿತಜ್ಞ ತೀರಿಕೊಂಡರು. ಷೇರುಪೇಟೆಯ ಬೆಲೆಗಳ ಓಲಾಟವನ್ನು 1900ರಲ್ಲೇ ಸಂಭವನೀಯತೆಯ ಗಣಿತದಲ್ಲಿ ಹಿಡಿದಿಟ್ಟವರು ಅವರು. ಆಗ ಅವರ ಹೆಸರು ಬಲ್ಲವರು ಕೆಲವೇ ಮಂದಿ. ಆದರೆ ಮುಂದಿನ ದಶಕಗಳಲ್ಲಿ ಬೆಳೆದದ್ದು ಅವರ ದಾರಿ. 1952ರಲ್ಲಿ ಹ್ಯಾರಿ ಮಾರ್ಕೊವಿಟ್ಜ್ ಹಲವು ಷೇರುಗಳನ್ನು ಜೋಡಿಸಿ ಅಪಾಯ ತಗ್ಗಿಸುವ ಗಣಿತ ಕೊಟ್ಟರು. 1964ರಲ್ಲಿ ವಿಲಿಯಂ ಶಾರ್ಪ್ ಒಂದು ಹೆಜ್ಜೆ ಮುಂದೆ ಹೋದರು. ಒಂದು ಕಂಪನಿಗೆ ಮಾತ್ರ ಸೇರಿದ ಅಪಾಯವನ್ನು ಹಣ ಹಂಚಿ ಹೂಡುವ ಮೂಲಕ ತೊಡೆಯಬಹುದು. ಆದ್ದರಿಂದ ಪೇಟೆ ಅದಕ್ಕೆ ಕೂಲಿ ಕೊಡುವುದಿಲ್ಲ. ಇಡೀ ಪೇಟೆಯೊಂದಿಗೆ ಏಳುವ ಬೀಳುವ ಅಪಾಯಕ್ಕೆ ಮಾತ್ರ ಕೂಲಿ. ಆ ಅಳತೆಗೆ ಬೀಟಾ ಎಂದು ಹೆಸರು. ಪೇಟೆ ಶೇ. 10 ಏರಿದಾಗ ಒಂದು ಷೇರು ಸಾಮಾನ್ಯವಾಗಿ ಶೇ. 15 ಏರಿ, ಪೇಟೆ ಶೇ. 10 ಇಳಿದಾಗ ಶೇ. 15 ಇಳಿದರೆ ಅದರ ಬೀಟಾ 1.5. ಮುಂದೆ ಯೂಜೀನ್ ಫಾಮಾ ಮತ್ತು ಕೆನೆತ್ ಫ್ರೆಂಚ್ 1993ರಲ್ಲಿ ಕಂಪನಿಯ ಗಾತ್ರ ಮತ್ತು ಪುಸ್ತಕ ಮೌಲ್ಯಕ್ಕೆ ಹೋಲಿಸಿದ ಅಗ್ಗತನ ಎಂಬ ಇನ್ನೆರಡು ಅಂಶಗಳನ್ನು ಸೇರಿಸಿದರು.

ಈ ಹೊಸ ಅಳತೆಗೋಲನ್ನು ಹಿಡಿದು 1983ರಲ್ಲಿ ಇಬ್ಬರು ಸಂಶೋಧಕರು ಕೇನ್ಸ್ ಅವರ ಹಳೆಯ ಲೆಕ್ಕವನ್ನೇ ಪರೀಕ್ಷಿಸಿದರು. 1928ರಿಂದ 1945ರವರೆಗೆ ಚೆಸ್ಟ್ ನಿಧಿ ವರ್ಷಕ್ಕೆ ಸರಾಸರಿ ಶೇ. 13ರಷ್ಟು ಬೆಳೆದಿತ್ತು. ಲಾಭಾಂಶವನ್ನು ಕಾಲೇಜು ಖರ್ಚು ಮಾಡಿದ ನಂತರದ ಬೆಳವಣಿಗೆ ಇದು. ಅದೇ ಅವಧಿಯಲ್ಲಿ ಬ್ರಿಟನ್ನಿನ ಷೇರುಪೇಟೆ ಇದ್ದಲ್ಲೇ ಇತ್ತು. ಆದರೆ ಲೆಕ್ಕಕ್ಕೆ ಇನ್ನೊಂದು ಮುಖವೂ ಇದೆ. ನಿಧಿಯ ಏರಿಳಿತ ಪೇಟೆಯ ಏರಿಳಿತದ ಎರಡು ಪಟ್ಟಿಗಿಂತ ಹೆಚ್ಚು. ಬೀಟಾ ಸುಮಾರು 1.8. ಅಂದರೆ ಕೇನ್ಸ್ ಗಳಿಸಿದ್ದು ಆರಾಮದ ಹಣವಲ್ಲ. ಪ್ರತಿ ಒಳ್ಳೆಯ ವರ್ಷದ ಹಿಂದೆ ಶೇ. 40 ಬೀಳುವ ವರ್ಷವೂ ಹೊಂಚು ಹಾಕಿತ್ತು. ಚಿಕ್ಕ ಹಾಗೂ ಮಧ್ಯಮ ಗಾತ್ರದ ಕಂಪನಿಗಳತ್ತ, ಹೆಚ್ಚು ಲಾಭಾಂಶ ಕೊಡುವ ಷೇರುಗಳತ್ತ ಅವರ ಒಲವಿತ್ತು ಎಂಬುದನ್ನು ಇತ್ತೀಚಿನ ಅಧ್ಯಯನಗಳು ಕಾಲೇಜಿನ ಲೆಕ್ಕಪುಸ್ತಕಗಳಿಂದ ಹೆಕ್ಕಿ ತೋರಿಸಿವೆ. 1920ರಲ್ಲಿ ಸುಮಾರು 30,000 ಪೌಂಡ್ ಇದ್ದ ಆ ನಿಧಿ 1945ರ ಹೊತ್ತಿಗೆ ಸುಮಾರು 3,80,000 ಪೌಂಡ್ ಆಗಿತ್ತು.

ನಮ್ಮ ಕಾಲಕ್ಕೆ

ಈಗ ಷೇರುಪೇಟೆ ನಮ್ಮ ಜೇಬಿನ ಮೊಬೈಲಿಗೇ ಬಂದಿದೆ. ಕೆಲವೇ ದಿನಗಳಲ್ಲಿ ಹಣ ದುಪ್ಪಟ್ಟು ಎನ್ನುವ ವಿಡಿಯೊಗಳಿಗೆ ಕೊನೆಯಿಲ್ಲ. ಆದರೆ 2022ರಿಂದ 2024ರವರೆಗಿನ ಮೂರು ಆರ್ಥಿಕ ವರ್ಷಗಳಲ್ಲಿ ಷೇರುಗಳ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯಾಪಾರ ಮಾಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಹಣ ಕಳೆದುಕೊಂಡರು ಎಂದು ನಮ್ಮ ದೇಶದ ಪೇಟೆ ನಿಯಂತ್ರಕ ಸೆಬಿಯೇ 2024ರಲ್ಲಿ ಲೆಕ್ಕ ಕೊಟ್ಟಿದೆ. ಕೈಯಲ್ಲಿರುವುದಕ್ಕಿಂತ ಹಲವು ಪಟ್ಟು ದೊಡ್ಡ ವ್ಯವಹಾರ, ಚಿಕ್ಕ ಗಡುವು, ಕಾಯಲು ಅವಕಾಶವಿಲ್ಲ. 1920ರಲ್ಲಿ ಕೇನ್ಸ್ ಅವರನ್ನು ಮುಳುಗಿಸಿದ ದಾರಿಯೂ ಇದೇ ಆಗಿತ್ತು.

ಹೆಚ್ಚಿನ ಪ್ರತಿಫಲದ ಆಸೆ ಯಾರಾದರೂ ತೋರಿಸಿದಾಗ ಮೂರು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು. ಈ ಪ್ರತಿಫಲ ಯಾವ ಅಪಾಯಕ್ಕೆ ಸಿಗುವ ಕೂಲಿ? ಆ ಅಪಾಯ ಎಣಿಸಬಹುದಾದದ್ದೇ, ಅಥವಾ ಯಾರಿಗೂ ಗೊತ್ತಿಲ್ಲದ ಎರಡನೆಯ ಚೀಲವೇ? ಬೆಲೆ ಅರ್ಧಕ್ಕೆ ಇಳಿದರೆ ಕಾಯಲು ನನ್ನ ಕೈಯಲ್ಲಾಗುತ್ತದೆಯೇ? ಗಣಿತದಲ್ಲಿ ಪಳಗಿ, ಸಂಭವನೀಯತೆಯ ಮೇಲೆ ಗ್ರಂಥವನ್ನೇ ಬರೆದ ಮನುಷ್ಯ ಕೂಡ ಈ ಪ್ರಶ್ನೆಗಳನ್ನು ಕಲಿತದ್ದು ಎರಡು ಬಾರಿ ಕೈ ಸುಟ್ಟುಕೊಂಡ ಮೇಲೆ. ನಮಗೆ ಅವು ಪುಸ್ತಕದ ಬೆಲೆಗೇ ಸಿಗುತ್ತಿವೆ.